ಒರಿಜಿನಲ್ ಡಿಸ್ಕ್ ಇದೆ, ಕೀ ಇದೆ, ಬಿಲ್ಲೂ ಇದೆ; ವಿಂಡೋಸ್ 11ರಲ್ಲಿ ಆಟ ಮಾತ್ರ ತೆರೆಯುತ್ತಿಲ್ಲ

ಅಂಧೇರಿ ಪೂರ್ವ

ನಮಸ್ಕಾರ. 1999ರಿಂದ 2011ರವರೆಗಿನ 14 ಪಿಸಿ ಗೇಮ್‌ಗಳು, ಎಲ್ಲವೂ ಒರಿಜಿನಲ್, ಲ್ಯಾಮಿಂಗ್ಟನ್ ರೋಡಿನಲ್ಲಿ ಬಿಲ್ ಮಾಡಿಸಿ ಕೊಂಡವು. ಈಗಿನ ಯಂತ್ರ: 64 ಬಿಟ್ ವಿಂಡೋಸ್ 11, ಇಂಟೆಲ್ 12ನೇ ತಲೆಮಾರಿನ ಪ್ರೊಸೆಸರ್, ಯುಎಸ್‌ಬಿಗೆ ಸಿಕ್ಕಿಸುವ ತೆಳ್ಳನೆಯ ಡಿವಿಡಿ ಡ್ರೈವ್. ಒಂದೊಂದಾಗಿ ಹಾಕಿ ನೋಡಿದ ಮೇಲೆ ಪರಿಸ್ಥಿತಿ ಹೀಗಿದೆ.

ಐದು ಆಟ ಇನ್‌ಸ್ಟಾಲ್ ಆಗುತ್ತವೆ, ಐಕಾನ್ ಒತ್ತಿದರೆ ಏನೂ ಆಗುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಎರಡರ ಸೆಟಪ್ಪೇ ಶುರುವಾಗುವುದಿಲ್ಲ, ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ ಎನ್ನುತ್ತದೆ. ಮೂರು ಆಟ ಸರಿಯಾದ ಡಿಸ್ಕ್ ಹಾಕಿ ಎನ್ನುತ್ತವೆ, ಡಿಸ್ಕ್ ಒಳಗೇ ಇದೆ. ಎರಡರಲ್ಲಿ ಆ್ಯಕ್ಟಿವೇಶನ್ ಮಿತಿ ಮುಗಿದಿದೆ ಎಂದು ಬರುತ್ತದೆ. ಒಂದು ಎಕ್ಸ್‌ಲೈವ್ ಡಿಎಲ್‌ಎಲ್ ಇಲ್ಲ ಎನ್ನುತ್ತದೆ. ಕೊನೆಯದರ 25 ಅಕ್ಷರದ ಕೀ ಅಮಾನ್ಯವಂತೆ.

ಕ್ರ್ಯಾಕ್, ಅಂದರೆ ರಕ್ಷಣೆ ಮುರಿದ ಫೈಲ್, ಬೇಡ. ದುಡ್ಡು ಕೊಟ್ಟು ಕೊಂಡದ್ದನ್ನು ಕೊಂಡ ರೀತಿಯಲ್ಲೇ ಓಡಿಸಬೇಕು. ಎಲ್ಲಿಂದ ಶುರು ಮಾಡಲಿ?

ಟಪಕೀರ್ ಗಲ್ಲಿ

ಅಂಧೇರಿ ಸರ್, ಹದಿನಾಲ್ಕಕ್ಕೂ ಒಂದೇ ಔಷಧ ಹುಡುಕಬ್ಯಾಡ್ರಿ. ಯಾವ ಆಟಕ್ಕ ಯಾವ ಬೀಗ, ಅಂದ್ರ ನಕಲು ತಡಿಯೂ ವ್ಯವಸ್ಥಾ, ಹಾಕ್ಯಾರ ಅನ್ನೂದು ಗೊತ್ತಾದ ಮ್ಯಾಲೇ ಕೈ ಹಚ್ಚಬೇಕು.

ಎಕ್ಸ್‌ಪ್ಲೋರರ್‌ನ್ಯಾಗ ಅಡಗಿದ ಫೈಲ್ ತೋರಿಸೂ ಆಯ್ಕೆ ಆನ್ ಮಾಡಿ ಡಿಸ್ಕ್ ತೆಗೀರಿ. ಏಳು ಸೊನ್ನಿ, ಆಮ್ಯಾಲ ಒಂದು 1, ಇಂಥಾ ಹೆಸರಿನ ಟಿಎಂಪಿ ಫೈಲ್ ಇದ್ರ, ಇಲ್ಲಾ ಸಿಎಲ್‌ಸಿಡಿ16, ಸಿಎಲ್‌ಸಿಡಿ32 ಅನ್ನೂ ಫೈಲ್ ಕಂಡ್ರ ಅದು ಸೇಫ್‌ಡಿಸ್ಕ್. ಲೇಸರ್‌ಲಾಕ್ ಅಂತ ಅಡಗಿಸಿಟ್ಟ ಫೋಲ್ಡರ್ ಇದ್ರ ಲೇಸರ್‌ಲಾಕ್. ಹಳೇ ಸೆಕ್ಯುರಾಮ್ ಆದ್ರ ಸಿಎಂಎಸ್ ಅಂತ ಶುರುವಾಗೂ ಡಿಎಲ್‌ಎಲ್ ಇರ್ತಾವ. 2007ರ ಸುಮಾರಿನ ಸೆಕ್ಯುರಾಮ್ ಆದ್ರ ಇನ್‌ಸ್ಟಾಲ್ ಮಾಡಿದ ಆಟದ ಇಎಕ್ಸ್‌ಇ ಮ್ಯಾಲ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡ್ರಿ, ಸೆಕ್ಯುರಾಮ್ ಅಂತ ಒಂದು ಟ್ಯಾಬೇ ಬಂದಿರ್ತದ. ಹಿಂಗ ಕಣ್ಣಿಗೆ ಕಾಣದಿದ್ರ ಪ್ರೊಟೆಕ್ಷನ್ ಐಡಿ ಅನ್ನೂ ಸಣ್ಣ ಸಾಧನ ಅದ, ಇಎಕ್ಸ್‌ಇ ಫೈಲ್ ಓದಿ ಬೀಗದ ಹೆಸರು ಹೇಳ್ತದ.

ನಿಮ್ಮ ಐದು ಆಟ ಸದ್ದಿಲ್ಲದ ಸಾಯ್ತಾವಲ್ಲ, ಅವು ಬಹುತೇಕ ಸೇಫ್‌ಡಿಸ್ಕ್. ಮ್ಯಾಕ್ರೋವಿಷನ್ ಕಂಪನಿಯ ಈ ಬೀಗ ಸೆಕ್‌ಡಿಆರ್‌ವಿ ಅನ್ನೂ ಡ್ರೈವರ್ ಮ್ಯಾಲ ನಿಂತದ. ಅದು ವಿಂಡೋಸಿನ ಕರ್ನಲ್, ಅಂದ್ರ ತಿರುಳಿನ ಒಳಗ ಕೂಡ್ತದ, ಡಿಸ್ಕ್ ಮ್ಯಾಲ ಬೇಕಂತಲೇ ಕೆಡಿಸಿಟ್ಟ ಸೆಕ್ಟರ್ ಅದಾವೋ ಇಲ್ಲೋ ಅಂತ ಪರೀಕ್ಷಾ ಮಾಡೂವಾಗ ಆಟ ಅದಕ್ಕ ಕೇಳ್ತದ. 2007ರಾಗೇ ಅದರಾಗ ಒಂದು ತೂತು ಸಿಕ್ತು, ಸಾದಾ ಬಳಕೆದಾರ ಅದನ್ನ ಹಿಡಿದು ಅಡ್ಮಿನ್ ಅಧಿಕಾರ ಪಡಿಯೂ ಅಂಥದ್ದು. ಆ ವರ್ಷ ಡಿಸೆಂಬರ್‌ನ್ಯಾಗ ಮೈಕ್ರೋಸಾಫ್ಟ್ ತೇಪಿ ಹಚ್ಚಿತು. 2015ರ ಸೆಪ್ಟೆಂಬರ್ ಅಪ್‌ಡೇಟ್‌ನ್ಯಾಗ ವಿಸ್ಟಾ, 7, 8, 8.1ರಾಗ ಆ ಸರ್ವಿಸನ್ನೇ ಬಂದ್ ಮಾಡಿತು. ವಿಂಡೋಸ್ 10ರಾಗಂತೂ ಡ್ರೈವರ್ ಇಡಲೇ ಇಲ್ಲ. ಕೇಳಿದ್ದಕ್ಕ ಉತ್ತರ ಕೊಡಾವ್ರು ಯಾರೂ ಇಲ್ಲ, ಅದಕ್ಕ ಆಟ ಮಾತಾಡದ ಮುಚ್ಚಿಕೊಳ್ತದ.

ಎಲ್ಲಿಂದಾದ್ರೂ ಆ ಡ್ರೈವರ್ ತಂದು, ಸಹಿ ಇಲ್ಲದ ಡ್ರೈವರನ್ನೂ ಒಪ್ಪೂ ಟೆಸ್ಟ್ ಮೋಡ್‌ನ್ಯಾಗ ಕೂಡಿಸ್ರಿ ಅಂತ ಸಲಹಾ ಕೊಡಾವ್ರು ಸಿಗ್ತಾರ. ದಯವಿಟ್ಟು ಮಾಡಬ್ಯಾಡ್ರಿ. ಬ್ಯಾಂಕಿನ ವ್ಯವಹಾರ ಮಾಡೂ ಯಂತ್ರದಾಗ ಗೊತ್ತಿದ್ದೂ ತೂತು ತೆಗೆದಿಟ್ಟಂಗ ಅದು. ಸೇಫ್‌ಡಿಸ್ಕ್‌ಶಿಮ್ ಅಂತ ಮುಕ್ತ ತಂತ್ರಾಂಶ ಅದ. ಹಳೇ ಡ್ರೈವರ್ ಕೊಡಬೇಕಾದ ಉತ್ತರ ಅದು ಕರ್ನಲ್ ಹೊರಗ ನಿಂತು ಕೊಡ್ತದ. ಡಿಸ್ಕ್ ಪರೀಕ್ಷಾ ಹಂಗೇ ನಡೀತದ, ಒರಿಜಿನಲ್ ಡಿಸ್ಕ್ ಡ್ರೈವ್‌ನ್ಯಾಗ ಇರಲೇಬೇಕು. ನಿಮಗ ಬೇಕಾದ್ದು ಅದೇ. ಎಲ್ಲಾ ಆವೃತ್ತಿಗೂ ಹಿಡೀತದ ಅಂತ ಖಾತ್ರಿ ಕೊಡಂಗಿಲ್ಲ, ಒಂದೊಂದಾಗಿ ನೋಡ್ರಿ.

ಮಾಟುಂಗಾ ಮಾಣಿ

ಟಪಕೀರ್ ಅವರ ಮಾತಿಗೆ ಒಂದು ಸೇರಿಸುವುದುಂಟು. ವಿಂಡೋಸ್ 7 ಅಥವಾ 8.1 ಇರುವ ಹಳೆ ಯಂತ್ರ ಮನೆಯಲ್ಲಿದ್ದರೆ ಅಲ್ಲಿ ಡ್ರೈವರ್ ಹೋಗಿಲ್ಲ, ಸರ್ವಿಸ್ ಮಲಗಿಸಿದ್ದಾರೆ ಅಷ್ಟೆ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಎಸ್‌ಸಿ ಕಮಾಂಡ್‌ನಿಂದ ಸೆಕ್‌ಡಿಆರ್‌ವಿ ಸರ್ವಿಸಿನ ಸ್ಟಾರ್ಟ್ ಬಗೆಯನ್ನು ಡಿಮ್ಯಾಂಡ್‌ಗೆ ಬದಲಿಸಿ, ಆಮೇಲೆ ಎಸ್‌ಸಿ ಸ್ಟಾರ್ಟ್. ಬರೆಯುವಾಗ ಸ್ಟಾರ್ಟ್ ಪದಕ್ಕೆ ಸಮ ಚಿಹ್ನೆ ತಾಗಿರಬೇಕು, ಚಿಹ್ನೆಯ ಬಳಿಕ ಒಂದು ಸ್ಪೇಸ್ ಬೇಕು. ಆ ಸ್ಪೇಸ್ ಬಿಟ್ಟರೆ ಕಮಾಂಡ್ ಒಪ್ಪುವುದಿಲ್ಲ, ಹೆಚ್ಚಿನವರು ಅಲ್ಲೇ ಎಡವುವುದು. ಆಡಿ ಮುಗಿದ ಮೇಲೆ ಎಸ್‌ಸಿ ಸ್ಟಾಪ್ ಕೊಟ್ಟು ಮತ್ತೆ ಮಲಗಿಸಿ.

ಸೆಟಪ್ ತೆರೆಯದ ಎರಡು ಆಟದ ಕತೆ ಬೇರೆ, ಅದಕ್ಕೂ ಬೀಗಕ್ಕೂ ಸಂಬಂಧ ಇಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಆಟ 32 ಬಿಟ್ ಆಗಿದ್ದರೂ ಇನ್‌ಸ್ಟಾಲರ್ 16 ಬಿಟ್ಟಿನದೇ ಇಡುತ್ತಿದ್ದರು. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂ ಓಡಿಸುವುದೇ ಇಲ್ಲ. ಕೆಲವು ಇನ್‌ಸ್ಟಾಲ್‌ಶೀಲ್ಡ್ 5 ಸೆಟಪ್‌ಗಳನ್ನು ಗುರುತು ಹಿಡಿದು ವಿಂಡೋಸ್ ತಾನೇ 32 ಬಿಟ್ಟಿನದಕ್ಕೆ ಬದಲಿಸಿಕೊಳ್ಳುತ್ತದೆ, ಉಳಿದದ್ದಕ್ಕೆ ಕೈ ಎತ್ತುತ್ತದೆ. ಮೊದಲು ವೈನ್‌ವಿಡಿಎಂ ಎಂಬ ಮುಕ್ತ ತಂತ್ರಾಂಶ ಹಾಕಿ ಸೆಟಪ್ ಓಡಿಸಿ ನೋಡಿ. ಆಗದಿದ್ದರೆ ವರ್ಚುವಲ್ ಯಂತ್ರದಲ್ಲಿ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ಮಾಡಿದ ಇನ್ನೊಂದು ಕಂಪ್ಯೂಟರ್) 32 ಬಿಟ್ ವಿಂಡೋಸ್ ಎಕ್ಸ್‌ಪಿ ಹಾಕಿ, ಅದರೊಳಗೆ ಆಟ ಇನ್‌ಸ್ಟಾಲ್ ಮಾಡಿ, ಇನ್‌ಸ್ಟಾಲ್ ಆದ ಫೋಲ್ಡರನ್ನು ಹೊರಗೆ ನಕಲು ಮಾಡಿ. ಇಲ್ಲಿ ಒಂದು ಸೂಕ್ಷ್ಮ ಉಂಟು. ಎಕ್ಸ್‌ಪಿಯಿಂದ ಆ ಆಟದ ರಿಜಿಸ್ಟ್ರಿ (ವಿಂಡೋಸ್ ಸೆಟ್ಟಿಂಗ್ ಬರೆದಿಡುವ ಕಡತ) ಕೀಲಿಯನ್ನೂ ಎಕ್ಸ್‌ಪೋರ್ಟ್ ಮಾಡಿ ತರಬೇಕು, ಮತ್ತು ವಿಂಡೋಸ್ 11ರಲ್ಲಿ ಅದನ್ನು ಸಿಸ್‌ವಾವ್64 ಫೋಲ್ಡರಿನೊಳಗಿನ ರೆಜ್‌ಎಡಿಟ್‌ನಿಂದಲೇ ಸೇರಿಸಬೇಕು. ಮಾಮೂಲಿ ರೆಜ್‌ಎಡಿಟ್‌ನಲ್ಲಿ ಸೇರಿಸಿದರೆ 64 ಬಿಟ್ ಭಾಗಕ್ಕೆ ಹೋಗಿ ಬೀಳುತ್ತದೆ, 32 ಬಿಟ್ ಆಟ ಅಲ್ಲಿ ಹುಡುಕುವುದಿಲ್ಲ, ನನ್ನನ್ನು ಇನ್‌ಸ್ಟಾಲ್ ಮಾಡಿಲ್ಲ ಎನ್ನುತ್ತದೆ. ಫೋಲ್ಡರನ್ನು ಪ್ರೋಗ್ರಾಂ ಫೈಲ್ಸ್ ಒಳಗೆ ಇಡಬೇಡಿ, ಸಿ ಡ್ರೈವಿನಲ್ಲಿ ಗೇಮ್ಸ್ ಎಂದು ಬೇರೆ ಮಾಡಿ. ಆ ಕಾಲದ ಆಟ ತನ್ನ ಸೇವ್ ಫೈಲನ್ನು ತನ್ನ ಪಕ್ಕದಲ್ಲೇ ಬರೆಯುವುದು.

ವರ್ಚುವಲ್ ಯಂತ್ರ ಮಾಡುವ ವಿಎಂವೇರ್ ವರ್ಕ್‌ಸ್ಟೇಶನ್ ಪ್ರೊ 2024ರ ನವೆಂಬರ್‌ನಿಂದ ಎಲ್ಲರಿಗೂ ಉಚಿತ, ದುಡ್ಡು ಕೊಡುವ ಅಗತ್ಯ ಇಲ್ಲ.

ಅಂಧೇರಿ ಪೂರ್ವ

ಇಬ್ಬರಿಗೂ ಧನ್ಯವಾದ. ಸರಿಯಾದ ಡಿಸ್ಕ್ ಹಾಕಿ ಎನ್ನುವ ಮೂರರಲ್ಲಿ ಎರಡಕ್ಕೆ ಸೆಕ್ಯುರಾಮ್ ಟ್ಯಾಬ್ ಬಂದಿದೆ. ಮೂರನೆಯದು ಸೇಫ್‌ಡಿಸ್ಕ್. ಡಿಸ್ಕಿನ ಐಎಸ್‌ಒ (ಡಿಸ್ಕನ್ನು ಒಂದೇ ಫೈಲಾಗಿ ಮಾಡಿದ ನಕಲು) ಮಾಡಿಟ್ಟುಕೊಂಡರೆ ಉಪಯೋಗವಿದೆಯೇ?

ವಾಸ್ಕೋ ಕಾರವಾರ

ಐಎಸ್‌ಒ ಮಾಡಿದರೆ ಆಟದ ಫೈಲ್ ಉಳಿಯುತ್ತವೆ, ಬೀಗ ಒಪ್ಪುವುದಿಲ್ಲ. ಕಾರಣ ಹೀಗೆ. ಸಿಡಿಯ ಒಂದು ಸೆಕ್ಟರಿನಲ್ಲಿ 2352 ಬೈಟ್ ಇರುತ್ತವೆ, ಐಎಸ್‌ಒ ತೆಗೆದುಕೊಳ್ಳುವುದು ಅದರಲ್ಲಿನ 2048 ಬೈಟ್ ಡೇಟಾ ಮಾತ್ರ. ತಪ್ಪು ತಿದ್ದುವ ಬೈಟ್‌ಗಳು, ಸಬ್‌ಚಾನೆಲ್ಲಿನ 96 ಬೈಟ್, ಬೇಕಂತಲೇ ಕೆಡಿಸಿದ ಸೆಕ್ಟರುಗಳ ಸ್ವರೂಪ, ಇದಾವುದೂ ಬರುವುದಿಲ್ಲ. ನಂತರದ ಸೆಕ್ಯುರಾಮ್ ಇನ್ನೂ ಮುಂದೆ ಹೋಗಿ, ಒಂದು ಸೆಕ್ಟರಿನಿಂದ ಇನ್ನೊಂದಕ್ಕೆ ಲೇಸರ್ ತಲುಪಲು ಎಷ್ಟು ಹೊತ್ತು ಬೇಕು ಎಂಬುದನ್ನೇ ಅಳೆಯುತ್ತದೆ. ಕಾರ್ಖಾನೆಯಲ್ಲಿ ಒತ್ತಿದ ಡಿಸ್ಕಿಗೂ ಮನೆಯಲ್ಲಿ ಬರೆದ ಡಿಸ್ಕಿಗೂ ಡೇಟಾದ ದಟ್ಟಣೆ ಒಂದೇ ಇರುವುದಿಲ್ಲ, ಅದಕ್ಕೇ ಸಿಕ್ಕಿಬೀಳುತ್ತದೆ.

ಈ ಅಳತೆಯೇ ನಿಮ್ಮ ಯುಎಸ್‌ಬಿ ಡ್ರೈವಿಗೂ ಕುತ್ತು. ತೆಳ್ಳನೆಯ ಯುಎಸ್‌ಬಿ ಡ್ರೈವ್ ನಡುವೆ ತಿರುಗುವುದನ್ನು ನಿಲ್ಲಿಸುತ್ತದೆ, ವೇಗ ಏರಿಳಿಸುತ್ತದೆ, ಪೋರ್ಟಿನಿಂದ ಕರೆಂಟ್ ಸಾಲದಿದ್ದರೆ ಮತ್ತೆ ಮತ್ತೆ ಓದುತ್ತದೆ. ಅಳತೆ ತಪ್ಪಿದರೆ ಒರಿಜಿನಲ್ ಡಿಸ್ಕನ್ನೂ ನಕಲಿ ಎಂದುಬಿಡುತ್ತದೆ. ಹಬ್ ಬಿಟ್ಟು ಮದರ್‌ಬೋರ್ಡಿನ ಹಿಂದಿನ ಪೋರ್ಟಿಗೆ ನೇರ ಸಿಕ್ಕಿಸಿ. ಎರಡು ಪ್ಲಗ್ಗಿನ ವೈ ಕೇಬಲ್ ಇದ್ದರೆ ಎರಡನ್ನೂ ಹಾಕಿ. ಡಿಸ್ಕ್ ಹಾಕಿ ಎಕ್ಸ್‌ಪ್ಲೋರರಿನಲ್ಲಿ ಒಮ್ಮೆ ತೆರೆದು, ಅದು ತಿರುಗುತ್ತಿರುವಾಗಲೇ ಆಟ ಶುರು ಮಾಡಿ. ಹೀಗೂ ಆಗದಿದ್ದರೆ ಡೆಸ್ಕ್‌ಟಾಪಿನ ಸಾಟಾ ಡಿವಿಡಿ ಡ್ರೈವ್ ತಂದು ನೇರ ಜೋಡಿಸಿ. ಹಳೆಯದ್ದಾದರೂ ಅಡ್ಡಿಯಿಲ್ಲ, ಟ್ರೇ ಸಲೀಸಾಗಿ ತೆರೆದರೆ ಸಾಕು.

ಇನ್ನೊಂದು. 2007ರ ನಂತರದ ಸೆಕ್ಯುರಾಮ್, ವರ್ಚುವಲ್ ಡ್ರೈವ್ ತಂತ್ರಾಂಶ ಇದ್ದರೆ ಮುನಿಯುತ್ತದೆ. ಮೈಕ್ರೋಸಾಫ್ಟಿನದೇ ಆದ ಪ್ರಾಸೆಸ್ ಎಕ್ಸ್‌ಪ್ಲೋರರ್ ತೆರೆದಿದ್ದರೂ ಆಟ ನಿಲ್ಲಿಸಿದ್ದುಂಟು. ಡೀಮನ್ ಟೂಲ್ಸ್ ಜಾತಿಯದ್ದು ಏನಿದ್ದರೂ ತೆಗೆದು, ರೀಸ್ಟಾರ್ಟ್ ಮಾಡಿ ಆಮೇಲೆ ನೋಡಿ.

ಡಿಸ್ಕನ್ನು ಬೆಳಕಿಗೆ ಹಿಡಿದಿರಾ? ನಮ್ಮ ಗೋವಾದಲ್ಲೂ ನಿಮ್ಮ ಮುಂಬಯಿಯಲ್ಲೂ ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನೊಳಗೆ ಬೂಸ್ಟು ಹಿಡಿಯದ ವಸ್ತುವಿಲ್ಲ. ಡಿಸ್ಕಿಗೂ ಹಿಡಿಯುತ್ತದೆ. ಕೆಳಮೈಯಲ್ಲಿ ಮಬ್ಬು ಜೇಡರ ಬಲೆಯಂತೆ ಕಂಡರೆ, ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದ ನೀರಿನಲ್ಲಿ ತೊಳೆದು, ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಗುಂಡಗೆ ತಿರುಗಿಸಿ ಒರೆಸಬೇಡಿ. ಡೇಟಾ ಸಾಲು ಸುತ್ತುತ್ತ ಹೋಗುವುದರಿಂದ ಆ ದಿಕ್ಕಿನ ಗೀರು ಒಂದೇ ಕಡೆ ತುಂಬ ಡೇಟಾ ನುಂಗುತ್ತದೆ. ಅಡ್ಡ ಗೀರನ್ನು ಡ್ರೈವ್ ತಿದ್ದಿಕೊಳ್ಳಬಲ್ಲದು. ಸಿಡಿಯಲ್ಲಿ ಮೇಲ್ಮೈ ಹೆಚ್ಚು ನಾಜೂಕು, ಲೇಬಲ್ಲಿನ ಕೆಳಗೇ ಡೇಟಾ ಪದರ ಇರುತ್ತದೆ. ಲೇಬಲ್ ಎದ್ದರೆ ಮುಗಿಯಿತು. ಡಿವಿಡಿಯಲ್ಲಿ 0.6 ಮಿಲಿಮೀಟರಿನ ಎರಡು ತಟ್ಟೆಗಳ ನಡುವೆ ಡೇಟಾ ಇರುವುದರಿಂದ ಆ ಭಯ ಕಡಿಮೆ.

ಒಣಗಿದ ಮೇಲೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ನಿಲ್ಲಿಸಿ ಇಡಿ. ನುಸಿಗುಳಿಗೆ ಹಾಕಬೇಡಿ, ಗಾಜಿನಂತಿರುವ ಸಿಡಿ ಡಬ್ಬಿಯ ಪ್ಲಾಸ್ಟಿಕ್ಕನ್ನು ಅದು ಮೆತ್ತಗೆ ಮಾಡುತ್ತದೆ.

ಠಾಣೆ ಕಲಂ

ಡಿಸ್ಕಿನ ಜತೆಗೆ ಕಾಗದವನ್ನೂ ನೋಡಿಕೊಳ್ಳಿ. ಬಿಲ್ ಥರ್ಮಲ್ ಕಾಗದದ್ದಾದರೆ ಅಕ್ಷರ ಮಾಸುತ್ತದೆ. ಅದಕ್ಕೆ ಬಿಸಿ ಲ್ಯಾಮಿನೇಶನ್ ಮಾಡಿಸಿದರೆ ಪೂರ್ತಿ ಕಪ್ಪಾಗುತ್ತದೆ, ಸೆಲ್ಲೋ ಟೇಪ್ ಅಂಟಿಸಿದರೆ ಅಂಟಿನ ಕೆಳಗಿನ ಅಕ್ಷರ ಹೋಗುತ್ತದೆ. ಇಂದೇ ಫೋಟೋ ತೆಗೆದು, ಸಾದಾ ಕಾಗದದ ಮೇಲೆ ಒಂದು ಝೆರಾಕ್ಸ್ ಮಾಡಿಸಿಡಿ. ಕೈಪಿಡಿಯ ಹಿಂದಿನ ಕೀ ಸ್ಟಿಕ್ಕರಿನದ್ದೂ ಹಾಗೆಯೇ.

ಟಪಕೀರ್ ಗಲ್ಲಿ

ಇನ್ನ ಆ್ಯಕ್ಟಿವೇಶನ್ ಮಿತಿ. ಎಲ್ಲಾದರಕಿಂತ ಹೊಟ್ಟಿ ಉರಿಸೂದು ಇದು. ಡಿಸ್ಕ್ ಬೀಗ ಡ್ರೈವ್ ಸರಿ ಇದ್ರ ತೆಗೀತದ, ಇದರ ಕೀಲಿ ಮತ್ತೊಬ್ಬರ ಸರ್ವರ್‌ನ್ಯಾಗ ಅದ.

2007ರಾಗ ಬಯೋಶಾಕ್ ಬಂದಾಗ ಎರಡೇ ಯಂತ್ರಕ್ಕ ಮಿತಿ ಇಟ್ಟಿದ್ರು. ಜನ ಎದ್ದಮ್ಯಾಲ ಐದು ಮಾಡಿದ್ರು, ಮುಂದಿನ ವರ್ಷ ಮಿತಿನೇ ತೆಗೆದ್ರು. 2008ರಾಗ ಮಾಸ್ ಎಫೆಕ್ಟ್‌ಗೆ ಹತ್ತು ದಿನಕ್ಕೊಮ್ಮೆ ಸರ್ವರ್‌ಗೆ ಹಾಜರಿ ಹಾಕಬೇಕು ಅಂತ ಮೊದಲ ಸಾರಿದ್ರು, ವಿರೋಧ ಬಂದ ಮ್ಯಾಲ ಅದನ್ನ ಬಿಟ್ಟು ಮೂರು ಆ್ಯಕ್ಟಿವೇಶನ್‌ಗೆ ನಿಂತ್ರು. ಅದೇ ವರ್ಷದ ಸ್ಪೋರ್ ಮೂರರಿಂದ ಶುರುವಾಗಿ ಐದಕ್ಕ ಬಂತು. 2011ರ ಆ್ಯನೋ 2070ರಾಗ ಗ್ರಾಫಿಕ್ಸ್ ಕಾರ್ಡ್ ಬದಲಿ ಮಾಡಿದ್ರೂ ಒಂದು ಆ್ಯಕ್ಟಿವೇಶನ್ ಖರ್ಚು ಬೀಳ್ತಿತ್ತು.

ಮಿತಿ ಎಲ್ಲಿ ಸೋರ್ತದ ಅನ್ನೂದು ತಿಳ್ಕೋರಿ. ಆಟ ಅನ್‌ಇನ್‌ಸ್ಟಾಲ್ ಮಾಡಿದ್ರ ಬಹಳಷ್ಟು ಆಟದಾಗ ಆ್ಯಕ್ಟಿವೇಶನ್ ತಿರುಗಿ ಬರೂದಿಲ್ಲ, ರಿವೋಕ್ ಇಲ್ಲಾ ಡಿಆಥರೈಸ್ ಅನ್ನೂದು ಬ್ಯಾರೆ ಮಾಡಬೇಕು. ಅದನ್ನ ಮಾಡದ ವಿಂಡೋಸ್ ಫಾರ್ಮ್ಯಾಟ್ ಮಾಡಿದ್ರ ಒಂದು ಹೋತು. ಹಾರ್ಡ್ ಡಿಸ್ಕ್ ಸತ್ತರ ರಿವೋಕ್ ಮಾಡಲಿಕ್ಕೇ ಯಂತ್ರ ಇಲ್ಲ, ಮತ್ತೊಂದು ಹೋತು.

ಈಗ ಮಾಡಬೇಕಾದ್ದು: ಆಟದ ಕೊನೇ ಅಧಿಕೃತ ಪ್ಯಾಚ್ ಹುಡುಕ್ರಿ. ಪ್ರಕಾಶಕರೇ ಕೊನೇ ಪ್ಯಾಚಿನ್ಯಾಗ ಮಿತಿ ಇಲ್ಲಾ ಡಿಸ್ಕ್ ಪರೀಕ್ಷಾ ತೆಗೆದ ಆಟ ಭಾಳ ಅದಾವ. ಪ್ಯಾಚ್ ಟಿಪ್ಪಣಿ ಪೂರ್ತಿ ಓದ್ರಿ, ಇಂಥಾ ಸಾಲು ಕೆಳಗ ಎಲ್ಲೋ ಮೂಲ್ಯಾಗ ಇರ್ತದ. ಪ್ಯಾಚ್ ಇಲ್ಲಂದ್ರ ಡಿಆಥರೈಸ್ ಸಾಧನ ಅದ ಏನು ನೋಡ್ರಿ. ಅದೂ ಇಲ್ಲಂದ್ರ ಸಪೋರ್ಟ್‌ಗೆ ಬರೀರಿ. ಮೊದಲ ಪತ್ರದಾಗೇ ಬಿಲ್, ಕೀ ಇರೂ ಪುಟ, ಡಿಸ್ಕಿನ ಮುಖ ಮೂರೂ ಒಂದೇ ಫೋಟೋದಾಗ ಬರಂಗ ಕಳಸ್ರಿ, ಪಕ್ಕದಾಗ ಚೀಟಿ ಮ್ಯಾಲ ಟಿಕೆಟ್ ನಂಬರ್ ಕೈಯಿಂದ ಬರೆದು ಇಡ್ರಿ. ಅದಿಲ್ಲದ ಹೋದ್ರ ಮೂರು ಸರ್ತಿ ಪತ್ರ ತಿರುಗಿ ಬರ್ತದ.

ಅಂಧೇರಿ ಪೂರ್ವ

ಎರಡರಲ್ಲಿ ಒಂದಕ್ಕೆ ಅಧಿಕೃತ ಪ್ಯಾಚ್ ಸಿಕ್ಕಿತು, ಮಿತಿ ತೆಗೆದಿದ್ದಾರೆ, ಓಡುತ್ತಿದೆ. ಇನ್ನೊಂದರ ಪ್ರಕಾಶಕರು ಇಮೇಲ್‌ಗೆ ಉತ್ತರಿಸಿಲ್ಲ. ಇಂಥದ್ದಕ್ಕೆ ಕಾನೂನಿನಲ್ಲಿ ದಾರಿ ಇದೆಯೇ? ಡಿಸ್ಕ್ ಪರೀಕ್ಷೆ ತಪ್ಪಿಸುವ ನೋ-ಸಿಡಿ ಫೈಲ್ ಹಾಕಿಕೊಂಡರೆ ಅಪರಾಧವೇ?

ಠಾಣೆ ಕಲಂ

ಎರಡೂ ಪ್ರಶ್ನೆ ಬೇರೆ ಬೇರೆ.

ಕೃತಿಸ್ವಾಮ್ಯ ಕಾಯ್ದೆ 1957ರ ಕಲಂ 52ರಲ್ಲಿ, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವನು ಅದನ್ನು ಯಾವ ಉದ್ದೇಶಕ್ಕೆ ಕೊಡಲಾಗಿದೆಯೋ ಆ ಉದ್ದೇಶಕ್ಕೆ ಬಳಸಲು, ಅಥವಾ ನಾಶ ನಷ್ಟದಿಂದ ಕಾಪಾಡಿಕೊಳ್ಳುವ ತಾತ್ಕಾಲಿಕ ರಕ್ಷಣೆಯಾಗಿ, ಪ್ರತಿ ಮಾಡಿಕೊಳ್ಳುವುದು ಉಲ್ಲಂಘನೆಯಲ್ಲ ಎಂದಿದೆ. 2012ರ ತಿದ್ದುಪಡಿಯಲ್ಲಿ ಬಂದ ಕಲಂ 65ಎ ತಾಂತ್ರಿಕ ಬೀಗ ಮುರಿಯುವುದಕ್ಕೆ ಎರಡು ವರ್ಷದವರೆಗಿನ ಸೆರೆ ಮತ್ತು ದಂಡ ಹೇಳುತ್ತದೆ. ಆದರೆ ಅದರಲ್ಲಿ ಒಂದು ಮಾತು ಮುಖ್ಯ: ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಮುರಿದಿರಬೇಕು. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕೆ ಮಾಡಿದ್ದನ್ನು ಅದೇ ಕಲಂ ಹೊರಗಿಡುತ್ತದೆ. ಅಲ್ಲೇ ಇನ್ನೊಂದು ಷರತ್ತೂ ಇದೆ. ಬೇರೆಯವರಿಗೆ ಬೀಗ ಮುರಿಯಲು ನೆರವಾಗುವವನು ಅವರ ಹೆಸರು, ವಿಳಾಸ, ಉದ್ದೇಶದ ಪೂರ್ತಿ ದಾಖಲೆ ಇಟ್ಟುಕೊಳ್ಳಬೇಕು.

ಆದ್ದರಿಂದ ಬಿಲ್ಲಿರುವ ಸ್ವಂತ ಡಿಸ್ಕನ್ನು ಮನೆಯಲ್ಲಿ ಓಡಿಸಿಕೊಳ್ಳುವುದಕ್ಕೂ ಕ್ರ್ಯಾಕ್ ಮಾಡಿದ ಆಟ ಇಳಿಸಿಕೊಳ್ಳುವುದಕ್ಕೂ ಬಹಳ ಅಂತರವಿದೆ. ಎರಡನೆಯದಕ್ಕೆ ಕಲಂ 63ಬಿ ಇದೆ. ಕದ್ದ ಪ್ರತಿ ಎಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ನನ್ನ ಅಭಿಪ್ರಾಯದಲ್ಲಿ ನಿಮಗೆ ಸೇಫ್‌ಡಿಸ್ಕ್‌ಶಿಮ್ ದಾರಿಯೇ ಒಳ್ಳೆಯದು, ಏಕೆಂದರೆ ಅಲ್ಲಿ ಬೀಗ ಮುರಿಯುವ ಪ್ರಶ್ನೆಯೇ ಏಳುವುದಿಲ್ಲ.

ಇನ್ನು ಪ್ರಕಾಶಕರ ಮೌನ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ದೂರನ್ನು ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು, ಕಂಪನಿ ಎಲ್ಲಿದೆ ಎಂದು ಅಲೆಯಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ನಂಬರ್ ಇಟ್ಟುಕೊಳ್ಳಿ. ಆದರೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಬರಬೇಕು ಎಂಬ ನಿಯಮವಿದೆ. 2009ರ ಬಿಲ್ ಹಿಡಿದು ಅಂಗಡಿಯವರ ಮೇಲೆ ಹೋಗಬೇಡಿ, ಅವರದೇನೂ ತಪ್ಪಿಲ್ಲ. ಈಚೆಗೆ ಆನ್‌ಲೈನಿನಲ್ಲಿ ಕೊಂಡ ಆಟಕ್ಕೆ ಈ ದಾರಿ ನಿಜಕ್ಕೂ ಉಪಯುಕ್ತ.

ನಿರ್ವಾಹಕ

ಕ್ರ್ಯಾಕ್, ಕೀಜೆನ್ (ನಕಲಿ ಕೀ ಹುಟ್ಟಿಸುವ ತಂತ್ರಾಂಶ) ಕೊಂಡಿಗಳನ್ನು ಇಲ್ಲಿ ಹಾಕಬೇಡಿ. ಈಗಾಗಲೇ ಹಾಕಿದ್ದ ಎರಡು ಉತ್ತರ ತೆಗೆದಿದ್ದೇವೆ. ಕಾರಣ ಠಾಣೆ ಅವರ ಉತ್ತರದಲ್ಲೇ ಇದೆ.

ಮಾಟುಂಗಾ ಮಾಣಿ

ಇಷ್ಟೆಲ್ಲ ಒದ್ದಾಟ ಎಂತಕ್ಕೆ ಎಂದು ಕೇಳಬೇಕೆನಿಸುತ್ತದೆ. ಗಾಗ್‌ನಲ್ಲಿ (ಆನ್‌ಲೈನ್ ಗೇಮ್ ಅಂಗಡಿ) ರಿಯಾಯಿತಿ ಬಂದಾಗ ಹಳೆ ಆಟ ಒಂದು ಊಟದ ದುಡ್ಡಿಗೆ ಸಿಗುತ್ತದೆ. ಬೀಗ ಇಲ್ಲದ ಇನ್‌ಸ್ಟಾಲರ್ ಇಳಿಸಿ ಹಾರ್ಡ್ ಡಿಸ್ಕಿನಲ್ಲಿ ಇಟ್ಟರೆ ಮುಂದಿನ ವಿಂಡೋಸಿಗೂ ಹಾಕಬಹುದು, ಅಕೌಂಟ್ ಕೂಡ ಕೇಳುವುದಿಲ್ಲ. ಹಾಫ್-ಲೈಫ್‌ನಂಥ ಕೆಲವು ಡಬ್ಬಿಗಳ ಕೀಯನ್ನು ಸ್ಟೀಮ್ ಎಂಬ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿ ಪ್ರಾಡಕ್ಟ್ ಆ್ಯಕ್ಟಿವೇಟ್ ಮಾಡುವಲ್ಲಿ ಹಾಕಿದರೆ ಆಟ ಅಕೌಂಟಿಗೇ ಸೇರುವುದುಂಟು. ಆ 13 ಅಂಕಿಯ ಕೀ ಇದ್ದರೆ ಮೊದಲು ಅದನ್ನು ನೋಡಿ.

ಟಪಕೀರ್ ಗಲ್ಲಿ

ಮಾಣಿಯವರ, ಕಡಿಮಿ ದುಡ್ಡಾದ್ರೂ ಎರಡನೇ ಸಲ ಕೊಡಬೇಕಾದ್ದು ಯಾಕ? ಒಮ್ಮೆ ಕೊಟ್ಟಾಗೇದಲ್ಲ. ಅದೂ ಬಿಡ್ರಿ, ಹೊಸದಾಗಿ ಮಾರೂ ಪ್ರತಿ ಹಳೇದರಂಗೇ ಇರ್ತದ ಅನ್ನೂ ನೆಚ್ಚಿಗಿ ಇಲ್ಲ. 2008ರ ಜಿಟಿಎ 4ರಾಗ ಹಾಡಿನ ಪರವಾನಗಿ ಹತ್ತು ವರ್ಷಕ್ಕ ಮುಗೀತು, 2018ರ ಏಪ್ರಿಲ್‌ನ್ಯಾಗ ಅಪ್‌ಡೇಟ್ ಮಾಡಿ ಹಳೇ ಹಾಡು ಕಿತ್ತರು. 2020ರಾಗ ಮರಳಿ ಬಂದ ಪ್ರತಿಯಾಗ ಮಲ್ಟಿಪ್ಲೇಯರೇ ಇಲ್ಲ. ಮೂಲ ಡಿಸ್ಕ್ ಇದ್ದವನ ಕಡೆ ಹಾಡು ಇನ್ನೂ ಅದಾವ. ನೋ ಒನ್ ಲಿವ್ಸ್ ಫಾರೆವರ್ ಅಂತೂ ಹಕ್ಕು ಯಾರದು ಅನ್ನೂ ಗೊಂದಲದಾಗ ಸಿಕ್ಕು ಯಾವ ಆನ್‌ಲೈನ್ ಅಂಗಡಿಯಾಗೂ ಇಲ್ಲ. ಆ ಡಿಸ್ಕ್ ಒಗದ್ರ ಆಟಾನೇ ಹೋದಂಗ.

ಡಿಜಿಟಲ್ ಕೊಂಡ್ರ ಸುಖ ಅಂತಾನೂ ಅಲ್ಲ. ಟ್ರಾನ್ ಎವಲ್ಯೂಷನ್ 2010ರ ಆಟ. 2019ರಾಗ ಪ್ರಕಾಶಕರ ಸೆಕ್ಯುರಾಮ್ ಪರವಾನಗಿ ಮುಗೀತು, ಕೊಂಡವರಿಗೂ ಆ್ಯಕ್ಟಿವೇಟ್ ಆಗದಂಗ ಆತು.

ಮಾಟುಂಗಾ ಮಾಣಿ

ಹಾಡಿನ ವಿಷಯ ಒಪ್ಪಿದೆ, ಅದು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾದ್ದು. ಹಾಗಾದರೆ ಡಿಸ್ಕ್ ಉಳಿಸಿಕೊಳ್ಳುವವರು ಅದಕ್ಕೊಂದು ಎಕ್ಸ್‌ಪಿ ಯಂತ್ರವನ್ನೇ ಕಟ್ಟುವುದು ಲೇಸು. ಟಪಕೀರ್ ಅವರೇ, ಅದನ್ನು ಬಿಡಿಸಿ ಬರೆಯಿರಿ.

ಟಪಕೀರ್ ಗಲ್ಲಿ

ಬರೀತೀನಿ. ಕೋರ್ 2 ಡುವೋ, 2 ಜಿಬಿ ರ‍್ಯಾಮ್, ಎಕ್ಸ್‌ಪಿ ಡ್ರೈವರ್ ಇರೂ ಎನ್‌ವಿಡಿಯಾ 9600 ಜಿಟಿ ತರಹದ ಕಾರ್ಡ್, ಸಾಟಾ ಡಿವಿಡಿ ಡ್ರೈವ್, 32 ಬಿಟ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3. ಇಷ್ಟು ಸಾಕು. 4 ಜಿಬಿ ಹಾಕಿದ್ರೂ 32 ಬಿಟ್ಟಿನ್ಯಾಗ ಪೂರ್ತಿ ಕಾಣೂದಿಲ್ಲ.

ಎಡವೂ ಜಾಗ ಮೂರು. ಮೊದಲನೇದು, ಬಯೋಸಿನ್ಯಾಗ ಸಾಟಾ ಮೋಡ್ ಎಎಚ್‌ಸಿಐ ಇದ್ರ ಎಕ್ಸ್‌ಪಿ ಸೆಟಪ್ ನೀಲಿ ಪರದೆ ತೋರಿಸಿ ನಿಲ್ತದ, ಕೊನೀಗೆ 7ಬಿ ಅಂತ ಬರ್ತದ. ಐಡಿಇ ಮೋಡ್‌ಗೆ ಬದಲಿಸಿ ಶುರು ಮಾಡ್ರಿ. ಎರಡನೇದು, ಹಳೇ ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿರ್ತದ. ತಾರೀಖು ಹತ್ತಿಪ್ಪತ್ತು ವರ್ಷ ಹಿಂದ ಹೋಗ್ತದ, ಪ್ರಮಾಣಪತ್ರ ಹೊಂದೂದಿಲ್ಲ, ಆಟ ಮಾತ್ರ ಸರ್ವರ್ ಸಿಗವಲ್ದು ಅಂತ ಹೇಳ್ತದ. ಜನ ನೆಟ್ ಬೈಕೋತ ಕೂಡ್ತಾರ. ಮೊದಲ ಬ್ಯಾಟರಿ ಬದಲಿಸ್ರಿ. ಮೂರನೇದು, ತಾರೀಖು ಸರಿ ಇದ್ರೂ ಸುರಕ್ಷಿತ ಸಂಪರ್ಕದ ಹೊಸ ವಿಧಾನ ಆದ ಎಕ್ಸ್‌ಪಿಗೆ ಟಿಎಲ್‌ಎಸ್ 1.2 ಬರೂದಿಲ್ಲ, ಹೊಸ ಸರ್ವರ್ ಅದರ ಜೋಡಿ ಮಾತಾಡೂದಿಲ್ಲ. ಅದಕ್ಕ ಆ್ಯಕ್ಟಿವೇಶನ್ ಬೇಕಾದ ಆಟ ಈ ಯಂತ್ರಕ್ಕ ಹಾಕಬ್ಯಾಡ್ರಿ, ಡಿಸ್ಕ್ ಪರೀಕ್ಷಾ ಇರೂ ಆಟಕ್ಕಷ್ಟೇ ಇದು. ನೆಟ್ ಕೇಬಲ್ ಹಚ್ಚಬ್ಯಾಡ್ರಿ, ಪ್ಯಾಚ್‌ಗಳನ್ನ ಪೆನ್‌ಡ್ರೈವ್‌ನ್ಯಾಗ ಒಯ್ರಿ.

ಹಿಂಜವಡಿ ಲಿನಕ್ಸ್

ಹಳೆಯ ಡಿಸ್ಕಿನ ಮಾತು ಸಾಕಷ್ಟಾಗಿದೆ, ಅಂಧೇರಿಯವರ 12ನೇ ತಲೆಮಾರಿನ ಪ್ರೊಸೆಸರ್ ಬಗ್ಗೆ ಹೇಳಬೇಕು. 2021ರ ನವೆಂಬರ್‌ನಲ್ಲಿ ಆ ಚಿಪ್ ಬಂದಾಗ ಡೆನುವೊ ಬೀಗದ ಹಲವು ಆಟ ನಿಂತುಹೋದವು. ಚಿಪ್ಪಿನಲ್ಲಿ ಎರಡು ಬಗೆಯ ಕೋರ್ ಇವೆ. ಆಟ ಒಂದರಿಂದ ಇನ್ನೊಂದಕ್ಕೆ ದಾಟಿದರೆ, ಬೇರೆ ಕಂಪ್ಯೂಟರಿಗೆ ಬಂದೆ ಎಂದು ಬೀಗ ತಿಳಿಯುತ್ತಿತ್ತು. ಈಗ ಬಹುತೇಕ ಆಟಗಳಿಗೆ ತಿದ್ದುಪಡಿ ಬಂದಿದೆ. ಅಪ್‌ಡೇಟ್ ಮಾಡದ ಹಳೆ ಪ್ರತಿ ಇದ್ದರೆ ಬಯೋಸಿನಲ್ಲಿ ಲೆಗಸಿ ಗೇಮ್ ಕಂಪ್ಯಾಟಿಬಿಲಿಟಿ ಮೋಡ್ ಆನ್ ಮಾಡಿ, ಆಟ ತೆರೆಯುವ ಮೊದಲು ಸ್ಕ್ರಾಲ್ ಲಾಕ್ ಒತ್ತಿ. ಸಣ್ಣ ಕೋರ್‌ಗಳು ಬದಿಗೆ ಸರಿಯುತ್ತವೆ. ಮುಗಿದ ಮೇಲೆ ಮತ್ತೆ ಒತ್ತಿದರೆ ವಾಪಸ್.

ಡೆನುವೊ ಆಟ ಕೊಳ್ಳುವಾಗ ಸ್ಟೀಮ್ ಪುಟದ ಬಲಬದಿ ನೋಡಿ, ದಿನಕ್ಕೆ ಐದು ಬೇರೆ ಬೇರೆ ಪಿಸಿ ಎಂಬ ಮಿತಿ ಬರೆದಿರುತ್ತಾರೆ. ಲಿನಕ್ಸ್ ಮತ್ತು ಸ್ಟೀಮ್ ಡೆಕ್‌ನವರು ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ವಿಂಡೋಸ್ ಆಟವನ್ನು ಲಿನಕ್ಸಿನಲ್ಲಿ ಓಡಿಸುವ ಪ್ರೋಟಾನ್ ತಂತ್ರಾಂಶದ ಆವೃತ್ತಿ ಬದಲಿಸಿದ ಪ್ರತಿಸಲವೂ ಹೊಸ ಪಿಸಿ ಎಂದೇ ಲೆಕ್ಕ. ಯಾವ ಆವೃತ್ತಿ ಚೆನ್ನಾಗಿ ಓಡುತ್ತದೆ ಎಂದು ಒಂದೇ ಸಂಜೆ ಆರು ಬದಲಿಸಿ ನೋಡಿದರೆ 24 ಗಂಟೆ ಬಾಗಿಲು ಮುಚ್ಚುತ್ತದೆ. ಎರಡೋ ಮೂರೋ ನೋಡಿ ನಿಲ್ಲಿಸಿ.

ಸ್ಟೀಮಿನಲ್ಲಿ ಕೊಂಡ 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್. ಬೀಗ ನಿಮ್ಮ ಯಂತ್ರಕ್ಕೆ ಒಗ್ಗುತ್ತದೆಯೇ ಎಂಬುದನ್ನು ಆ ಎರಡು ಗಂಟೆಯಲ್ಲೇ ಪರೀಕ್ಷಿಸಿ, ಲಾಂಚರ್ ಪರದೆಯಲ್ಲಿ ಕಳೆದ ಹೊತ್ತೂ ಲೆಕ್ಕಕ್ಕೆ ಬರುತ್ತದೆ.

ವಾಸ್ಕೋ ಕಾರವಾರ

ಆಫ್‌ಲೈನ್ ಬಗ್ಗೆಯೂ ಹೇಳಿ ಹಿಂಜವಡಿಯವರೇ. ಚೌತಿಗೆ ಊರಿಗೆ ಹೋಗುವವರು ಲ್ಯಾಪ್‌ಟಾಪ್ ಒಯ್ಯುತ್ತಾರೆ, ಘಟ್ಟದ ಕೆಳಗೆ ಮಳೆಗೆ ನೆಟ್ ಹೋದರೆ ಎರಡು ದಿನ ಬರುವುದಿಲ್ಲ.

ಹಿಂಜವಡಿ ಲಿನಕ್ಸ್

ಹೊರಡುವ ಹಿಂದಿನ ದಿನ ಹೀಗೆ ಮಾಡಿ. ವಿಂಡೋಸ್ ಅಪ್‌ಡೇಟ್ ಪೂರ್ತಿ ಮುಗಿಸಿ, ಆಮೇಲೆ ಆಟಗಳ ಅಪ್‌ಡೇಟ್ ಮುಗಿಸಿ. ಈ ಅನುಕ್ರಮ ತಿರುಗಬಾರದು, ವಿಂಡೋಸಿನ ದೊಡ್ಡ ಅಪ್‌ಡೇಟ್ ಆದರೆ ಡೆನುವೊ ನೆಟ್ ಮೂಲಕ ಪಡೆಯುವ ಹೊಸ ಅನುಮತಿ (ಟೋಕನ್) ಕೇಳಬಹುದು. ನಂತರ ಒಯ್ಯಬೇಕಾದ ಪ್ರತಿಯೊಂದು ಆಟವನ್ನೂ ನೆಟ್ ಇರುವಾಗಲೇ ಒಮ್ಮೆ ತೆರೆದು, ಮೆನು ದಾಟಿ ಒಳಗೆ ಹೋಗಿ ಸೇವ್ ಮಾಡಿ ಮುಚ್ಚಿ. ಬೇರೆ ಕಂಪನಿಯ ಲಾಂಚರ್ ತೆರೆಯುವ ಆಟವಿದ್ದರೆ ಆ ಲಾಂಚರಿನಲ್ಲೂ ಲಾಗಿನ್ ನೆನಪಿಡುವ ಆಯ್ಕೆ ಆನ್ ಮಾಡಿ. ಆಮೇಲೆ ಸ್ಟೀಮ್ ಮೆನುವಿನಲ್ಲಿ ಆಫ್‌ಲೈನ್‌ಗೆ ಹೋಗಿ, ವೈಫೈ ಆರಿಸಿ, ಇನ್ನೊಮ್ಮೆ ತೆರೆದು ನೋಡಿ. ಇಲ್ಲಿ ತೆರೆದರೆ ಊರಿನಲ್ಲೂ ತೆರೆಯುತ್ತದೆ.

ಸದಾ ನೆಟ್ ಬೇಕೆನ್ನುವ ಆಟಕ್ಕೆ ಇದಾವುದೂ ನಡೆಯದು. ದಿ ಕ್ರೂ ಆಟದ ಸರ್ವರ್ 2024ರ ಮಾರ್ಚ್ 31ಕ್ಕೆ ನಿಂತಿತು, ಒಬ್ಬರೇ ಆಡುವ ಭಾಗವೂ ಅದರ ಜತೆ ಹೋಯಿತು. ಇದನ್ನು ವಿರೋಧಿಸಿ ಯುರೋಪಿನಲ್ಲಿ ಎದ್ದ ನಾಗರಿಕ ಅರ್ಜಿಗೆ 2025ರ ಜುಲೈನಲ್ಲಿ ಹತ್ತು ಲಕ್ಷ ಸಹಿ ದಾಟಿದೆ. ಇದನ್ನು ತಡೆಯುವ ಕಾನೂನು ನಮ್ಮಲ್ಲಿ ಬರಬೇಕು ಎಂಬುದು ನನ್ನ ಗಟ್ಟಿ ನಿಲುವು.

ಅಂಧೇರಿ ಪೂರ್ವ

ಈವರೆಗಿನ ಲೆಕ್ಕ: ಶಿಮ್ ಹಾಕಿದ ಮೇಲೆ ಐದರಲ್ಲಿ ನಾಲ್ಕು ತೆರೆದವು. 16 ಬಿಟ್ ಸೆಟಪ್ಪಿನ ಎರಡೂ ವೈನ್‌ವಿಡಿಎಂನಿಂದ ಇನ್‌ಸ್ಟಾಲ್ ಆದವು. ಡಿಸ್ಕ್ ಕೇಳುತ್ತಿದ್ದ ಮೂರರಲ್ಲಿ ಸೇಫ್‌ಡಿಸ್ಕ್ ಆಟವನ್ನು ತೊಳೆದು ಒರೆಸಿದ ಮೇಲೆ ಡ್ರೈವ್ ಓದಿತು. ಸೆಕ್ಯುರಾಮಿನ ಎರಡಕ್ಕೆ ಸಾಟಾ ಡ್ರೈವ್ ತರಬೇಕು. ಇನ್ನೂ ಚರ್ಚೆಯಾಗದೆ ಉಳಿದಿರುವುದು ಎಕ್ಸ್‌ಲೈವ್ ಮತ್ತು ಅಮಾನ್ಯ ಕೀ.

ಮಾಟುಂಗಾ ಮಾಣಿ

ಎಕ್ಸ್‌ಲೈವ್ ಎಂದರೆ ಗೇಮ್ಸ್ ಫಾರ್ ವಿಂಡೋಸ್ ಲೈವ್, ಮೈಕ್ರೋಸಾಫ್ಟಿನ ಹಳೆಯ ಆನ್‌ಲೈನ್ ಗೇಮ್ ಸೇವೆ. ಅದರ ಅಂಗಡಿ 2013ರಲ್ಲೇ ಮುಚ್ಚಿತು. ಡಿಎಲ್‌ಎಲ್ ಫೈಲನ್ನು ಸಿಕ್ಕ ಸಿಕ್ಕ ಜಾಲತಾಣದಿಂದ ಒಂಟಿಯಾಗಿ ಇಳಿಸಬೇಡಿ, ವೈರಸ್ ಬರುವ ದಾರಿ ಅದೇ. ಡಿಸ್ಕಿನಲ್ಲೇ ರೀಡಿಸ್ಟ್ ಎಂಬ ಫೋಲ್ಡರ್ ಇದ್ದರೆ ಅದರಲ್ಲಿನ ಕ್ಲೈಂಟ್ ಹಾಕಿ. ಆಟ ಶುರುವಾದ ಮೇಲೆ ಹೋಮ್ ಕೀ ಒತ್ತಿ, ಹೊಸ ಪ್ರೊಫೈಲ್ ಮಾಡುವಲ್ಲಿ ಕೆಳಗಿಳಿದು ಲೋಕಲ್ ಪ್ರೊಫೈಲ್ ಆರಿಸಿ. ಅದಕ್ಕೆ ಸರ್ವರ್ ಬೇಡ, ಸೇವ್ ಆಗುತ್ತದೆ. ಕೀಯನ್ನು ಸರ್ವರಿನಲ್ಲೇ ಪರೀಕ್ಷಿಸುವ ಬಗೆಯ ಆಟವಾದರೆ ಲೋಕಲ್ ಪ್ರೊಫೈಲ್ ಸಾಲುವುದಿಲ್ಲ. ಫಾಲ್‌ಔಟ್ 3ಕ್ಕೆ 2021ರಲ್ಲಿ ಮಾಡಿದಂತೆ ಸ್ಟೀಮ್ ಪ್ರತಿಯಿಂದ ಈ ಕಾಟ ತೆಗೆದದ್ದೂ ಉಂಟು, ಡಿಸ್ಕಿನ ಪ್ರತಿಗೆ ಆ ಭಾಗ್ಯ ಇಲ್ಲ.

ಠಾಣೆ ಕಲಂ

ಅಮಾನ್ಯ ಕೀ ಮೈಕ್ರೋಸಾಫ್ಟ್ ಬಗೆಯದೇ, ಐದೈದರ ಐದು ಗುಂಪೇ?

ಅಂಧೇರಿ ಪೂರ್ವ

ಹೌದು. ಮೂರನೇ ಗುಂಪಿನಲ್ಲಿ ಶಾಯಿ ಹರಡಿದೆ. ಎಸ್ ಎಂದು ಓದಿ ಹಾಕಿದ್ದೇನೆ, 5 ಎಂದೂ ಹಾಕಿ ನೋಡಿದ್ದೇನೆ.

ಠಾಣೆ ಕಲಂ

ಎರಡೂ ಇರಲಾರದು. ಆ ಕಾಲದ ಅವರ 25 ಅಕ್ಷರದ ಕೀಯಲ್ಲಿ ಬಳಸುತ್ತಿದ್ದದ್ದು 24 ಚಿಹ್ನೆ ಮಾತ್ರ. ಬಿ, ಸಿ, ಡಿ, ಎಫ್, ಜಿ, ಎಚ್, ಜೆ, ಕೆ, ಎಂ, ಪಿ, ಕ್ಯು, ಆರ್, ಟಿ, ವಿ, ಡಬ್ಲ್ಯು, ಎಕ್ಸ್, ವೈ, ಜತೆಗೆ 2, 3, 4, 6, 7, 8, 9. ಇಂಗ್ಲಿಷಿನ ಸ್ವರ ಒಂದೂ ಇಲ್ಲ. ಎಲ್, ಎನ್, ಎಸ್, ಝಡ್ ಇಲ್ಲ. 0, 1, 5 ಇಲ್ಲ. ಎಸ್‌ನಂತೆ ಕಾಣುವುದು 8, 3, 9 ಅಥವಾ ಬಿ ಆಗಿರಬೇಕು. ಆ ನಾಲ್ಕನ್ನೇ ಹಾಕಿ ನೋಡಿ. ಅದೇ ಕೀಯಲ್ಲಿ ಯು ಎಂದು ಓದಿದ್ದಿದ್ದರೆ ಅದು ವಿ, ಝಡ್ ಎಂದು ಓದಿದ್ದು 2.

ಅಂಧೇರಿ ಪೂರ್ವ

8 ಹಾಕಿದೆ, ಒಪ್ಪಿತು. ಇದೇ ಕೀಗೆ ಆನ್‌ಲೈನ್ ಆ್ಯಕ್ಟಿವೇಶನ್ ಕೂಡ ಇದೆ. ಮುಂದಿನ ತಿಂಗಳು ಮದರ್‌ಬೋರ್ಡ್ ಬದಲಿಸುವುದಿದೆ, ಮೊದಲೇ ಏನಾದರೂ ಮಾಡಬೇಕೇ?

ಟಪಕೀರ್ ಗಲ್ಲಿ

ಹಳೇ ಬೋರ್ಡ್ ಇನ್ನೂ ಕುಂತಿರೂವಾಗಲೇ ಆಟದ ಮೆನುವಿನ್ಯಾಗ, ಇಲ್ಲಾ ಅನ್‌ಇನ್‌ಸ್ಟಾಲ್ ಮಾಡೂವಾಗ ಡಿಆ್ಯಕ್ಟಿವೇಟ್ ಆಯ್ಕೆ ಬರ್ತದೇನು ನೋಡ್ರಿ. ಬಂದ್ರ ಮಾಡಿ, ಯಶಸ್ವಿ ಅಂತ ಬಂದ ಪರದೆಯ ಫೋಟೋ ಇಟ್ಕೋರಿ. ಪ್ಯಾಚ್ ಸಿಕ್ಕ ಆ ಇನ್ನೊಂದು ಆಟದ್ದು ಚಿಂತಿ ಇಲ್ಲ. ಉತ್ತರ ಬರದ ಪ್ರಕಾಶಕರ ಆಟ ಮಾತ್ರ ಈಗ ಮುಟ್ಟಬ್ಯಾಡ್ರಿ, ಬೋರ್ಡ್ ಬದಲಿ ಮಾಡೂ ಮೊದಲ ಅವರಿಗೆ ಇನ್ನೊಂದು ಪತ್ರ ಹಾಕ್ರಿ, ಈ ಸಲ 1915ರ ದೂರಿನ ನಂಬರ್ ವಿಷಯದ ಸಾಲಿನ್ಯಾಗೇ ಬರೀರಿ.